ಗ್ರಾಂಟ್ಸ್ ಟ್ರಿಪಲ್ ವುಡ್: ತೊಳೆಯದ ಲೋಟದ ವಿಮರ್ಶೆ

ಗ್ಲಾಸ್ಗೋದ ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಐದು ವರ್ಷಗಳಿಂದ ಕಾಯಂ ಜಾಗ ಹಿಡಿದಿರುವ ಸ್ಕಾಚ್, ಅಂದರೆ ಸ್ಕಾಟ್ಲೆಂಡಿನ ವಿಸ್ಕಿಯ ಬಾಟಲಿ ಇದು. ಮೂರು ಮೂಲೆಯದು, ಹಾಗಾಗಿ ಕತ್ತಲಲ್ಲಿ ತಡವಿದರೂ ಕಡಲೆಕಾಯಿ ಎಣ್ಣೆ ಕೈಗೆ ಬರುವುದಿಲ್ಲ.

ಮೊದಲ ಸಲ ಕೊಂಡಿದ್ದು ರುಚಿ ನೋಡಿ ಅಲ್ಲ, ಬೆಲೆ ನೋಡಿ. ಸ್ಕಾಟ್ಲೆಂಡಿನಲ್ಲಿ ಮದ್ಯ ಇಂತಿಷ್ಟಕ್ಕಿಂತ ಕಡಿಮೆಗೆ ಮಾರಬಾರದು ಎಂದು ಸರ್ಕಾರವೇ ಗೆರೆ ಎಳೆದಿದೆ. 2018ರಲ್ಲಿ ಯೂನಿಟ್ಟಿಗೆ, ಅಂದರೆ 10 ಮಿಲಿಲೀಟರ್ ಶುದ್ಧ ಮದ್ಯಸಾರಕ್ಕೆ, 50 ಪೆನ್ಸ್ ಇದ್ದದ್ದು 2024ರ ಸೆಪ್ಟೆಂಬರ್ ಕೊನೆಯಲ್ಲಿ 65 ಆಯಿತು. ಶೇ 40 ಮದ್ಯಸಾರದ 700 ಮಿಲಿಲೀಟರ್ ಬಾಟಲಿಯಲ್ಲಿ 28 ಯೂನಿಟ್. ಗುಣಿಸಿದರೆ 18 ಪೌಂಡ್ 20 ಪೆನ್ಸ್. ನಾನು ಆ ಗೆರೆಯ ಆಸುಪಾಸಿನಲ್ಲೇ ಓಡಾಡುವ ಗಿರಾಕಿ. ಶುಕ್ರವಾರ ಎರಡು ಅಳತೆ, ಶನಿವಾರ ಎರಡು ಅಳತೆ, ಒಂದೊಂದು 25 ಮಿಲಿಲೀಟರ್. ಬಾಟಲಿ ಸರಿಯಾಗಿ ಏಳು ವಾರ ಬರುತ್ತದೆ. ಎಂಟನೆಯ ಶುಕ್ರವಾರ ಮರೆತು ರಾತ್ರಿ ಹತ್ತು ದಾಟಿದ ಮೇಲೆ ಅಂಗಡಿಗೆ ಹೋದರೆ ಕಥೆ ಮುಗಿಯಿತು, ಹತ್ತರ ನಂತರ ಇಲ್ಲಿ ಅಂಗಡಿಯವರು ಮದ್ಯ ಮಾರುವಂತಿಲ್ಲ. ಹಾಗೆ ಎರಡು ಸಲ ಬರೀ ಹಾಲು, ಬ್ರೆಡ್ ಹಿಡಿದು ಮನೆಗೆ ಬಂದಿದ್ದೇನೆ.

ಬಾಯಿರುಚಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮೂಗಿಗೆ ಮೊದಲು ಮಾಗಿದ ಪೇರ್ ಹಣ್ಣು, ನಾಲಿಗೆಗೆ ಸಿಹಿ, ಅದರ ಬೆನ್ನಿಗೆ ಕಾಳುಮೆಣಸಿನ ಚುರುಕು. ಗಂಟಲಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಬಣ್ಣವನ್ನು ನೋಡಿ ಮರುಳಾಗಬೇಡಿ. ಸ್ಕಾಚ್‌ಗೆ ಸಾದಾ ಕ್ಯಾರಮೆಲ್ ಬಣ್ಣ ಬೆರೆಸಲು ಕಾನೂನಿನಲ್ಲೇ ಅವಕಾಶವಿದೆ.

ನಾನು ಈ ವಿಮರ್ಶೆ ಬರೆಯುತ್ತಿರುವುದು ಶನಿವಾರ ಬೆಳಗಿನ ಖಾಲಿ ಲೋಟದ ಸಲುವಾಗಿ.

ಎರಡನೆಯ ಚಳಿಗಾಲದ ಒಂದು ಶನಿವಾರ. ಫಿಲ್ಟರಿಗೆ ಬಿಸಿನೀರು ಹಾಕಿ ಡಿಕಾಕ್ಷನ್ ಇಳಿಯಲಿ ಎಂದು ಕಾಯುತ್ತಿದ್ದೆ. ಕಿಟಕಿಯ ಕಟ್ಟೆಯ ಮೇಲೆ ಹಿಂದಿನ ರಾತ್ರಿಯ ಲೋಟ ಹಾಗೇ ಕುಳಿತಿತ್ತು. ತೊಳೆಯಲೆಂದು ಎತ್ತಿಕೊಂಡವನು ಸುಮ್ಮನೆ ಮೂಸಿದೆ. ನಿಂತಲ್ಲೇ ನಿಂತುಬಿಟ್ಟೆ. ಮದ್ದೂರಿನ ಬಳಿ ನಮ್ಮ ದೊಡ್ಡಪ್ಪನ ಆಲೆಮನೆ! ಕೊಪ್ಪರಿಗೆಯ ಅಂಚಿಗೆ ಹತ್ತಿ ಕಪ್ಪಾದ ಪಾಕ, ಒಲೆಯ ಬಾಯಿಗೆ ತುರುಕಿದ ಒಣ ಕಬ್ಬಿನ ಸಿಪ್ಪೆ, ಅದರ ಹೊಗೆ ಕುಡಿದ ಗೋಡೆ. ಆ ಕರಿ ಹತ್ತಿದ ಬೆಲ್ಲವನ್ನು ನಾವು ಹುಡುಗರು ಚಾಕುವಿನಲ್ಲಿ ಕೆರೆದು ತಿನ್ನುತ್ತಿದ್ದೆವು. ಲೋಟದ ತಳದಲ್ಲಿ ಉಳಿದಿದ್ದದ್ದು ಉಗುರಿನಷ್ಟಗಲದ ಕಂದು ಕಲೆ, ಅಷ್ಟೇ.

ಕಾರಣ ತಿಳಿದ ಮೇಲೂ ಸೋಜಿಗ ಕಡಿಮೆಯಾಗಿಲ್ಲ. ಈ ವಿಸ್ಕಿ ಮೂರು ಬಗೆಯ ಓಕ್ ಪೀಪಾಯಿ ಕಂಡು ಬಂದದ್ದು. ಅದರಲ್ಲಿ ಒಂದು ಅಮೆರಿಕದಲ್ಲಿ ಬರ್ಬನ್, ಅಂದರೆ ಅಲ್ಲಿನ ಮುಸುಕಿನ ಜೋಳದ ವಿಸ್ಕಿ, ತುಂಬಿಟ್ಟಿದ್ದ ಪೀಪಾಯಿ. ಬರ್ಬನ್ನಿಗೆ ಪ್ರತಿ ಸಲವೂ ಒಳಗೆ ಸುಟ್ಟು ಕರಿಯಾಗಿಸಿದ ಹೊಸ ಓಕ್ ಬೇಕೆಂದು ಅಲ್ಲಿನ ಕಾನೂನು. ಒಮ್ಮೆ ಬಳಸಿದ ಪೀಪಾಯಿ ಅವರಿಗೆ ಮತ್ತೆ ಬರ್ಬನ್ನಿಗೆ ಬರುವುದಿಲ್ಲ, ಸ್ಕಾಟ್ಲೆಂಡಿನವರಿಗೆ ಅದೇ ಬಂಗಾರ. ಬೆಂಕಿ ತಗುಲಿದಾಗ ಮರದೊಳಗಿನ ಸಕ್ಕರೆಯಂಶ ಪಾಕವಾಗುತ್ತದೆ, ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಒಡೆದು ವೆನಿಲಾ ಪರಿಮಳದ ವೆನಿಲಿನ್ ಆಗುತ್ತದೆ, ಮೇಲಿನ ಇದ್ದಿಲ ಪದರ ಹಸಿ ಮದ್ಯದ ಗಂಧಕದ ಕಮಟನ್ನು ಹೀರುತ್ತದೆ. ಲೋಟದಲ್ಲಿ ಮದ್ಯಸಾರ ಆರಿಹೋದ ಮೇಲೆ ಹಗುರಾದ ಹಣ್ಣಿನ ವಾಸನೆ ಅದರ ಜೊತೆಗೇ ಹೋಗಿ, ಸುಟ್ಟ ಮರದ ಭಾರದ ವಾಸನೆ ಉಳಿಯುತ್ತದೆ. ಅಂದರೆ ರಾತ್ರಿ ನನ್ನ ಮೂಗಿಗೆ ಅಡ್ಡ ನಿಂತಿದ್ದದ್ದು ಮದ್ಯವೇ.

ಅಂದಿನಿಂದ ಶುಕ್ರವಾರದ ಲೋಟ ತೊಳೆಯುವುದು ಶನಿವಾರ ಕಾಫಿ ಆದ ಮೇಲೆ. ಪಾತ್ರೆ ತೊಳೆಯುವ ಯಂತ್ರಕ್ಕೆ ಹಾಕುವುದಿಲ್ಲ, ಅದರ ಸೋಪಿನ ವಾಸನೆ ಗಾಜಿಗೆ ಅಂಟಿಕೊಂಡರೆ ಮುಂದಿನ ವಾರ ಆಲೆಮನೆಯ ಬದಲು ಲಾಂಡ್ರಿ. ಬಿಸಿನೀರು, ಕೈ, ಒಣ ಬಟ್ಟೆ.

ಕಳೆದ ವರ್ಷ ಊರಿಗೆ ಹೋಗುವಾಗ ಒಂದು ಬಾಟಲಿ ಒಯ್ದೆ. ಆಲೆಮನೆ ಕಂಡು ಬೆಳೆದವರಿಗೆ ತೋರಿಸಬೇಕೆಂಬ ಹುಚ್ಚು. ಭಾವ ಲೋಟದ ತುಂಬ ಐಸ್ ಹಾಕಿದರು, ಮೇಲೆ ಸೋಡಾ, ಅದರ ಮೇಲೆ ನಿಂಬೆಹಣ್ಣು. ನಾನು ಬಾಯಿ ತೆರೆಯುವಷ್ಟರಲ್ಲಿ ಮಸಾಲೆ ಕಡಲೆಬೀಜದ ತಟ್ಟೆ ಬಂತು. ಕುಡಿದು, “ಪರವಾಗಿಲ್ಲ ಕಣಯ್ಯ, ತಣ್ಣಗಿದೆ” ಎಂದರು. ಮರುದಿನ ಬೆಳಗ್ಗೆ ಎಲ್ಲರಿಗಿಂತ ಮೊದಲೆದ್ದು ನಾಲ್ಕೂ ಲೋಟ ಮೂಸಿದೆ. ನಿಂಬೆ, ನಿಂಬೆ, ಈರುಳ್ಳಿ, ನಿಂಬೆ. ಐಸ್ ಹಾಕುವವರಾದರೆ ಈ ವಿಮರ್ಶೆಯಿಂದ ನಿಮಗೇನೂ ಪ್ರಯೋಜನವಿಲ್ಲ, ಯಾವುದಾದರೂ ಕೊಳ್ಳಿ.

ನನ್ನ ಹೆಂಡತಿ ಕುಡಿಯುವವಳಲ್ಲ. ಮೊದಮೊದಲು “ಎಂಜಲು ಲೋಟ ಮೂಸುವವರನ್ನು ನಾನು ಇದೇ ಮೊದಲು ನೋಡಿದ್ದು” ಎನ್ನುತ್ತಿದ್ದಳು. ಈಗ ನೊಣ ಕೂರದಿರಲೆಂದು ಲೋಟದ ಮೇಲೆ ತಾನೇ ಒಂದು ತಟ್ಟೆ ಮುಚ್ಚುತ್ತಾಳೆ. ಹೋದ ಶನಿವಾರ ತಟ್ಟೆ ಎತ್ತಿ, ನನಗಿಂತ ಮೊದಲು ಮೂಗಿನ ಹತ್ತಿರ ಹಿಡಿದು ನೋಡಿದಳು.

“ರೀ, ಇದು ಬೆಲ್ಲವಲ್ಲ. ತೀರ್ಥಹಳ್ಳಿಯಲ್ಲಿ ನಮ್ಮಜ್ಜಿಯ ಮನೆಯ ಬಚ್ಚಲೊಲೆ.”

ನಾನು ಒಪ್ಪಿಲ್ಲ.