‘ಐಸೊಲೇಟೆಡ್’ ಅಂತ ಬರೆದಿರುವ ಅಗ್ಗದ ಡಿಐ ಬಾಕ್ಸ್: ಕೊಳ್ಳುವ ಮೊದಲು ಮೀಟರ್ ಹಾಕಿ ನೋಡಿ

ಗಣೇಶನ ಸೀಸನ್ ಹತ್ತಿರ ಬರುತ್ತಿದೆ. ಸೌಂಡ್ ಸರ್ವಿಸ್‌ನವರು, ಆರ್ಕೆಸ್ಟ್ರಾದವರು ಸಾಮಾನು ಕೊಳ್ಳುವ ಹೊತ್ತು. ಸಾವಿರ ರೂಪಾಯಿಯೊಳಗೆ ಸಿಗುವ ಡಿಐ ಬಾಕ್ಸ್ (ವಾದ್ಯದ ಸೌಂಡನ್ನು ದೂರದ ಮಿಕ್ಸರ್‌ಗೆ ಕಳಿಸಲು ನಡುವೆ ಹಾಕುವ ಪುಟ್ಟ ಡಬ್ಬಿ) ತೆಗೆದುಕೊಳ್ಳಬೇಕು ಅಂತಿದ್ದರೆ ಸ್ವಲ್ಪ ತಡೆದು ಇದನ್ನು ಓದಿ. ಕಳೆದ ಸೀಸನ್‌ನಲ್ಲಿ ಅಂಥ ಬಾಕ್ಸ್‌ನಿಂದ ನಮ್ಮ ಜೊತೆ ನುಡಿಸುವವರ ಕೀಬೋರ್ಡ್‌ನ ಲೆಫ್ಟ್ ಔಟ್ (ಎಡಗಡೆಯ ಸೌಂಡ್ ಹೊರಬರುವ ಜ್ಯಾಕ್) ಕೆಟ್ಟುಹೋಯಿತು. ಅದರ ರಿಪೇರಿಗೆ ಕೊಟ್ಟ ದುಡ್ಡಲ್ಲಿ ಒಳ್ಳೆಯ ಬಾಕ್ಸೇ ಬರುತ್ತಿತ್ತು.

ಹೊಸಬರಿಗೆ ಒಂದೆರಡು ಮಾತು. ಕೀಬೋರ್ಡ್, ಗಿಟಾರ್, ಲ್ಯಾಪ್‌ಟಾಪ್ ಇವುಗಳ ಮಾಮೂಲಿ ಜ್ಯಾಕ್ ವಯರ್ ಉದ್ದ ಆದಷ್ಟೂ ಸುತ್ತಲಿನ ಗದ್ದಲವನ್ನೆಲ್ಲ ಎಳೆದುಕೊಳ್ಳುತ್ತದೆ. ಐದಾರು ಮೀಟರ್ ದಾಟಿದರೆ ಕಷ್ಟ. ಮಿಕ್ಸರ್ ಇರುವುದು ಜನರ ಹಿಂದೆ, ಮೂವತ್ತು ನಲವತ್ತು ಮೀಟರ್ ದೂರದಲ್ಲಿ. ಡಿಐ ಬಾಕ್ಸ್ ಆ ಸಿಗ್ನಲ್ಲನ್ನು ಬ್ಯಾಲೆನ್ಸ್ಡ್ ಮಾಡಿ (ಅಂದರೆ ದಾರಿಯಲ್ಲಿ ಗದ್ದಲ ಹತ್ತದ ಹಾಗೆ ಮಾಡಿ), ಮೈಕ್ ಮಟ್ಟಕ್ಕೆ ಇಳಿಸಿ, ಹಲವು ಮೈಕ್ ವಯರ್ ಒಟ್ಟಿಗಿರುವ ಸ್ನೇಕ್ ಕೇಬಲ್‌ನಲ್ಲಿ ಕಳಿಸುತ್ತದೆ. ಮಿಕ್ಸರ್ ವೇದಿಕೆ ಪಕ್ಕದಲ್ಲೇ ಇದ್ದರೆ ಎಷ್ಟೋ ಸಲ ಡಿಐ ಬಾಕ್ಸೇ ಬೇಡ. ಬಾಸ್ ಆಂಪ್‌ನಲ್ಲಿ ಎಕ್ಸ್‌ಎಲ್‌ಆರ್ (ಮೈಕ್‌ನ ಮೂರು ಪಿನ್ ಕನೆಕ್ಟರ್) ಔಟ್ ಇದ್ದರೂ ಬೇಡ. ಸುಮ್ನೆ ಯಾಕೆ ಖರ್ಚು?

ನಮಗೆ ಬೇಕಿತ್ತು. ಕೀಬೋರ್ಡ್‌ಗೆ ಎರಡು, ರಿದಂ ಪ್ಯಾಡ್‌ಗೆ ಒಂದು, ಟ್ರ್ಯಾಕ್ ಬಿಡುವ ಲ್ಯಾಪ್‌ಟಾಪ್‌ಗೆ ಒಂದು. ಬೆಂಗಳೂರಿನ ಎಸ್.ಪಿ. ರಸ್ತೆ ಕಡೆಯ ಒಂದು ಅಂಗಡಿಯಿಂದ ನಾಲ್ಕು ಬಾಕ್ಸ್ ಬಂದವು. ಕಪ್ಪು ಬಣ್ಣ, ಕಬ್ಬಿಣದ ಮೈ, ಕೈಗೆ ಒಳ್ಳೆ ತೂಕ. ಮೇಲೆ ಇಂಗ್ಲಿಷ್‌ನಲ್ಲಿ ‘ಪ್ಯಾಸಿವ್, ಟ್ರಾನ್ಸ್‌ಫಾರ್ಮರ್ ಐಸೊಲೇಟೆಡ್’ ಅಂತ ದಪ್ಪಕ್ಷರ; ಅಂದರೆ ಕರೆಂಟ್ ಬೇಡದ ಬಾಕ್ಸ್, ಒಳಗಿನ ಟ್ರಾನ್ಸ್‌ಫಾರ್ಮರ್ ಎರಡು ಕಡೆಯ ತಂತಿ ಒಂದಕ್ಕೊಂದು ತಾಗದ ಹಾಗೆ ಇಡುತ್ತದೆ ಅಂತ. ಗ್ರೌಂಡ್ ದಾರಿ ಕತ್ತರಿಸುವ ಗ್ರೌಂಡ್ ಲಿಫ್ಟ್ ಸ್ವಿಚ್ ಬೇರೆ. ಅಂಗಡಿಯವರು ಒಂದನ್ನು ಅಲ್ಲೇ ಸಣ್ಣ ಮಿಕ್ಸರ್‌ಗೆ ಹಾಕಿ ತೋರಿಸಿದರು. ಸೌಂಡ್ ಚೆನ್ನಾಗಿಯೇ ಬಂತು. ಎರಡು ಮೀಟರ್ ವಯರ್‌ನಲ್ಲಿ, ಒಂದೇ ಪ್ಲಗ್ ಪಾಯಿಂಟ್‌ನಲ್ಲಿ ಯಾವ ಬಾಕ್ಸ್ ಆದರೂ ಚೆನ್ನಾಗಿಯೇ ಬರುತ್ತದೆ!

ಮಂಡ್ಯ ಕಡೆಯ ಒಂದು ಊರಿನ ಪೆಂಡಾಲ್‌ನಲ್ಲಿ ಇವುಗಳ ಬಣ್ಣ ಬಯಲಾಯಿತು. ವೇದಿಕೆಗೆ ಜನರೇಟರ್ ಕರೆಂಟ್, ಮಿಕ್ಸರ್‌ಗೆ ಪಕ್ಕದ ಮನೆಯ ಲೈನ್. ಲ್ಯಾಪ್‌ಟಾಪ್ ಚಾನೆಲ್ ಎತ್ತಿದ ತಕ್ಷಣ ಗುಂಯ್ ಅಂತ ಹಮ್. ಗ್ರೌಂಡ್ ಲಿಫ್ಟ್ ಒತ್ತಿದೆವು, ಹಮ್ ಹಾಗೇ ಇತ್ತು. ಬಿಟ್ಟೆವು, ಆಗಲೂ ಹಾಗೇ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತರೆ ಮಾತ್ರ ಪೂರ್ತಿ ಮಾಯ. ಚಾರ್ಜರ್ ಕಿತ್ತಾಗ ಹಮ್ ಹೋಗುತ್ತದೆ ಅಂದರೆ ಅದು ಗ್ರೌಂಡ್ ಲೂಪ್, ಎರಡು ಕಡೆಯ ಗ್ರೌಂಡ್ ಸಿಗ್ನಲ್ ವಯರ್ ಮೂಲಕ ಕೂಡಿ ಆಗುವ ಸುತ್ತು. ಅದನ್ನು ಕತ್ತರಿಸುವುದಕ್ಕೆ ಅಂತಲೇ ಟ್ರಾನ್ಸ್‌ಫಾರ್ಮರ್ ಇರುವುದು, ಅಲ್ವಾ?

ಹಮ್ ಜೊತೆ ಹೇಗೋ ಏಗಬಹುದಿತ್ತು. ಕೊಳಲಿಗೆ ಕಂಡೆನ್ಸರ್ ಮೈಕ್ ಇತ್ತು, ಅದಕ್ಕೆ ಫ್ಯಾಂಟಮ್ (ಮಿಕ್ಸರ್ ಮೈಕ್ ವಯರ್‌ನಲ್ಲೇ ಕಳಿಸುವ ಕರೆಂಟ್) ಬೇಕು. ನಮ್ಮಲ್ಲಿರುವಂಥ ಸಣ್ಣ ಮಿಕ್ಸರ್‌ಗಳಲ್ಲಿ ಫ್ಯಾಂಟಮ್‌ಗೆ ಒಂದೇ ಬಟನ್. ಒತ್ತಿದರೆ ಎಲ್ಲ ಮೈಕ್ ಚಾನೆಲ್‌ಗೂ 48 ವೋಲ್ಟ್ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಇರುವ ಪ್ಯಾಸಿವ್ ಬಾಕ್ಸ್‌ಗೆ ಇದರಿಂದ ಏನೂ ಆಗದು. ಡಿಸಿ ಕರೆಂಟ್ ಟ್ರಾನ್ಸ್‌ಫಾರ್ಮರ್ ದಾಟಿ ಆಚೆ ಹೋಗುವುದಿಲ್ಲ. ಅದೇ ಧೈರ್ಯದ ಮೇಲೆ ಎಲ್ಲರೂ ಬಟನ್ ಒತ್ತುವುದು. ಇಲ್ಲಿ ಒತ್ತಿದ ಕೂಡಲೇ ಸ್ಪೀಕರ್‌ನಲ್ಲಿ ಢಬ್ ಅಂತ ಸದ್ದು. ಆಮೇಲೆ ಕೀಬೋರ್ಡ್‌ನವರು ವಯರ್ ಅಲ್ಲಾಡಿಸಿದಾಗಲೆಲ್ಲ ಚಟಪಟ. ಅರ್ಧ ಕಾರ್ಯಕ್ರಮಕ್ಕೆ ಬರುವಷ್ಟರಲ್ಲಿ ಲೆಫ್ಟ್ ಔಟ್ ಒಡೆದ ಸದ್ದು ಕೊಟ್ಟು ನಿಂತೇಹೋಯಿತು. ಉಳಿದ ಹಾಡೆಲ್ಲ ರೈಟ್ ಒಂದರಲ್ಲೇ ಮುಗಿಯಿತು.

ಮನೆಗೆ ಬಂದು ತಳದ ನಾಲ್ಕು ಸ್ಕ್ರೂ ಬಿಚ್ಚಿದೆ. ಟ್ರಾನ್ಸ್‌ಫಾರ್ಮರ್ ಇರಲಿಲ್ಲ. ಚಿಕ್ಕ ಬೋರ್ಡ್ ಮೇಲೆ ನಾಲ್ಕೈದು ರೆಸಿಸ್ಟರ್, ಅಷ್ಟೇ. ಜ್ಯಾಕ್‌ನ ಟಿಪ್ (ಸಿಗ್ನಲ್ ಬರುವ ತುದಿ) ಒಂದು ರೆಸಿಸ್ಟರ್ ಮೂಲಕ ನೇರವಾಗಿ ಎಕ್ಸ್‌ಎಲ್‌ಆರ್‌ನ 2ನೇ ಪಿನ್‌ಗೆ. 3ನೇ ಪಿನ್ ಇನ್ನೊಂದು ರೆಸಿಸ್ಟರ್ ಮೂಲಕ ಗ್ರೌಂಡ್‌ಗೆ. ನಡುವೆ ಕೆಪಾಸಿಟರ್ ಕೂಡ ಇಲ್ಲ. ಅಂದರೆ ಮಿಕ್ಸರ್‌ನ 48 ವೋಲ್ಟ್‌ಗೆ ಕೀಬೋರ್ಡ್‌ವರೆಗೂ ದಾರಿ ತೆರೆದೇ ಇತ್ತು. ತೂಕ ಎಲ್ಲಿಂದ ಬಂತು ಅಂದರೆ, ತಳಕ್ಕೆ ಒಂದು ಕಬ್ಬಿಣದ ಪಟ್ಟಿ ಅಂಟಿಸಿದ್ದರು!

ಗ್ರೌಂಡ್ ಲಿಫ್ಟ್ ಕಥೆ ಇನ್ನೂ ಚೆನ್ನಾಗಿದೆ. ಸ್ವಿಚ್ ನಿಜವಾಗಿಯೂ ಜ್ಯಾಕ್‌ನ ಸ್ಲೀವ್‌ನಿಂದ (ಗ್ರೌಂಡ್ ಭಾಗದಿಂದ) ಎಕ್ಸ್‌ಎಲ್‌ಆರ್‌ನ ಗ್ರೌಂಡ್ ಆದ 1ನೇ ಪಿನ್‌ಗೆ ಹೋಗುವ ದಾರಿಯನ್ನು ಬೋರ್ಡ್ ಮೇಲೆ ಕತ್ತರಿಸುತ್ತಿತ್ತು. ಆದರೆ ಜ್ಯಾಕ್‌ನ ಲೋಹದ ನಟ್ ಡಬ್ಬಿಯ ಮೈಗೆ ತಾಗಿತ್ತು. 1ನೇ ಪಿನ್ನನ್ನೂ ಒಂದು ತುಂಡು ತಂತಿಯಿಂದ ಡಬ್ಬಿಯ ಮೈಗೇ ಸೇರಿಸಿದ್ದರು. ಸ್ವಿಚ್ ಕತ್ತರಿಸಿದ್ದನ್ನು ಡಬ್ಬಿ ಮತ್ತೆ ಕೂಡಿಸುತ್ತಿತ್ತು. ಸರಿಯಾದ ಬಾಕ್ಸ್‌ನಲ್ಲಿ ಜ್ಯಾಕ್ ಡಬ್ಬಿಯ ಮೈಗೆ ತಾಗದ ಹಾಗೆ ಪ್ಲಾಸ್ಟಿಕ್ ಹೊದಿಕೆಯೊಳಗೆ ಕೂತಿರುತ್ತದೆ.

ಅಂಗಡಿಗೆ ಒಯ್ದು ತೋರಿಸಿದರೆ, ‘ಸೌಂಡ್ ಬರ್ತಾ ಇದೆಯಲ್ಲ ಸಾರ್, ಮತ್ತೇನು?’ ಅಂದರು. ಬಿಚ್ಚಿದ ಮಾಲು ವಾಪಸ್ ಇಲ್ಲವಂತೆ. ಬಿಚ್ಚದೆ ಒಳಗೆ ಏನಿದೆ ಅಂತ ಗೊತ್ತಾಗುವುದು ಹೇಗೆ?

ಬಿಚ್ಚದೆಯೂ ಗೊತ್ತಾಗುತ್ತದೆ, ಅದಕ್ಕೇ ಈ ಬರಹ. ಅಂಗಡಿಗೆ ಮಲ್ಟಿಮೀಟರ್ ಹಿಡಿದುಕೊಂಡು ಹೋಗಿ. ಪ್ಯಾಸಿವ್ ಬಾಕ್ಸ್ ಆದರೆ ಓಂ ರೇಂಜ್‌ಗೆ ಇಟ್ಟು ಜ್ಯಾಕ್‌ನ ಟಿಪ್‌ಗೂ ಎಕ್ಸ್‌ಎಲ್‌ಆರ್‌ನ 2ನೇ ಪಿನ್‌ಗೂ ಮುಟ್ಟಿಸಿ, ಗ್ರೌಂಡ್ ಲಿಫ್ಟ್ ಒತ್ತಿರಲಿ. ಟ್ರಾನ್ಸ್‌ಫಾರ್ಮರ್ ಇದ್ದರೆ ಅಲ್ಲಿ ಸಂಪರ್ಕವೇ ಇರಬಾರದು. ನಮ್ಮ ಬಾಕ್ಸ್‌ನಲ್ಲಿ ನೆಟ್ಟಗೆ ರೆಸಿಸ್ಟರ್ ಬೆಲೆಯೇ ಬಂತು. ಆಮೇಲೆ 2 ಮತ್ತು 3ನೇ ಪಿನ್ ನಡುವೆ ನೋಡಿ. ಅಲ್ಲಿ ಸುರುಳಿಯ ತಂತಿ ಇರುವುದರಿಂದ ಕಡಿಮೆ ಓಂ ತೋರಿಸಬೇಕು. ಕೊನೆಗೆ ಬೀಪ್ ರೇಂಜ್‌ನಲ್ಲಿ ಜ್ಯಾಕ್‌ನ ಸ್ಲೀವ್ ಮತ್ತು 1ನೇ ಪಿನ್. ಲಿಫ್ಟ್ ಬಿಟ್ಟಾಗ ಬೀಪ್ ಬರಬೇಕು, ಒತ್ತಿದಾಗ ನಿಲ್ಲಬೇಕು. ಒತ್ತಿದರೂ ಬೀಪ್ ನಿಲ್ಲದಿದ್ದರೆ ಅಲ್ಲೇ ಇಟ್ಟು ಬನ್ನಿ.

ಟ್ರಾನ್ಸ್‌ಫಾರ್ಮರ್ ಇದೆ ಅಂದ ಮಾತ್ರಕ್ಕೆ ಮುಗಿಯಲಿಲ್ಲ. ಗೆಳೆಯರೊಬ್ಬರ ಬಾಕ್ಸ್‌ನಲ್ಲಿ ಇತ್ತು, ಕಡಲೆಬೀಜದಷ್ಟು. ಕೀಬೋರ್ಡ್‌ನ ಎಡಗೈ ಬಾಸ್ ಜೋರಾಗಿ ಬಂದರೆ ಅಷ್ಟು ಸಣ್ಣ ಕೋರ್ ತಡೆಯುವುದಿಲ್ಲ, ತಗ್ಗಿನ ಸ್ವರವೆಲ್ಲ ರಾಡಿಯಾಗುತ್ತದೆ. ರಿದಂ ಪ್ಯಾಡ್‌ನ ಕಿಕ್ ಕೂಡ ಅಷ್ಟೇ. ಹಾಗಾಗಿ ಅಂಗಡಿಯಲ್ಲಿ ಕೇಳಿ ನೋಡುವಾಗ ಮೇಲಿನ ಸ್ವರ ನುಡಿಸಿ ಸುಮ್ಮನಾಗಬೇಡಿ. ಕೆಳಗಿನ ಸ್ವರ ಒತ್ತಿ ಹಿಡಿದು, ವಾಲ್ಯೂಮ್ ಏರಿಸಿ ಕೇಳಿ.

ಯಾವ ವಾದ್ಯಕ್ಕೆ ಯಾವುದು ಅನ್ನುವುದರಲ್ಲೂ ಅಂಗಡಿಯವರು ದಾರಿ ತಪ್ಪಿಸುತ್ತಾರೆ. ಕೀಬೋರ್ಡ್, ಪ್ಯಾಡ್, ಲ್ಯಾಪ್‌ಟಾಪ್‌ಗೆ ಒಳ್ಳೆಯ ಪ್ಯಾಸಿವ್ ಸಾಕು. ವೀಣೆ, ಪಿಟೀಲು, ಅಕೌಸ್ಟಿಕ್ ಗಿಟಾರ್‌ಗೆ ಅಂಟಿಸುವ, ಕಂಪನ ಹಿಡಿಯುವ ಪಿಯೆಜೊ ಕಾಂಟ್ಯಾಕ್ಟ್ ಮೈಕ್ ಪ್ರೀಆಂಪ್ (ಸಿಗ್ನಲ್ ಬಲಪಡಿಸುವ ಸಾಧನ) ಇಲ್ಲದೆ ಬಂದರೆ ಮಾತ್ರ ಆಕ್ಟಿವ್, ಅಂದರೆ ಕರೆಂಟ್‌ನಿಂದ ನಡೆಯುವ ಬಾಕ್ಸ್, ಬೇಕೇ ಬೇಕು. ಇನ್‌ಪುಟ್ ಇಂಪೀಡೆನ್ಸ್ (ಒಳಬರುವ ಸಿಗ್ನಲ್‌ಗೆ ಬಾಕ್ಸ್ ಒಡ್ಡುವ ತಡೆ) 1 ಮೆಗಾ ಓಂ ಅಥವಾ ಅದಕ್ಕಿಂತ ಜಾಸ್ತಿ ಇರಲಿ. ಒಳ್ಳೆಯ ಪ್ಯಾಸಿವ್ ಬಾಕ್ಸ್‌ಗಳಲ್ಲೇ ಅದು 140 ಕಿಲೊ ಓಂ ಆಸುಪಾಸು. ಪಿಯೆಜೊ ಅಲ್ಲಿ ಸೊರಗಿಬಿಡುತ್ತದೆ. ವೀಣೆಯ ಮಂದ್ರ ತಂತಿ ತೆಳ್ಳಗಾಗಿ ಬರೀ ಮೀಟಿನ ಟಿಕ್ ಟಿಕ್ ಕೇಳುತ್ತಿದ್ದರೆ ಕಲಾವಿದರನ್ನು ದೂರಬೇಡಿ, ಬಾಕ್ಸ್ ಬದಲಿಸಿ. ಆಕ್ಟಿವ್ ಬಾಕ್ಸ್‌ಗೆ ಫ್ಯಾಂಟಮ್ ಅಥವಾ 9 ವೋಲ್ಟ್ ಬ್ಯಾಟರಿ ಬೇಕು. ಅನೇಕ ಬಾಕ್ಸ್‌ಗಳಲ್ಲಿ ಜ್ಯಾಕ್ ಚುಚ್ಚಿದ ಕೂಡಲೇ ಬ್ಯಾಟರಿ ಆನ್ ಆಗುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ಕೀಳಲು ಮರೆತರೆ ಬ್ಯಾಟರಿ ಸುಮ್ಮನೆ ಖರ್ಚಾಗುತ್ತಿರುತ್ತದೆ.

ಬಾಳಿಕೆ ನೋಡುವುದು ಕಣ್ಣಿಗೇ ಬಿಟ್ಟಿದ್ದು. ಜ್ಯಾಕ್ ಬರೀ ಬೋರ್ಡ್‌ನ ಸೋಲ್ಡರ್ ಮೇಲೆ ನಿಂತಿದೆಯೋ, (ಲೋಹ ತಾಗದ ಹಾಗೆ ನಡುವೆ ಪ್ಲಾಸ್ಟಿಕ್ ಇಟ್ಟು) ಮೈಗೆ ನಟ್ ಹಾಕಿ ಬಿಗಿದಿದ್ದಾರೋ ನೋಡಿ. ಬರೀ ಸೋಲ್ಡರ್ ಆದರೆ ಯಾರೋ ವಯರ್ ಎಡವಿದ ದಿನ ಬಿರುಕು ಬಿಡುತ್ತದೆ. ಸ್ವಿಚ್‌ಗಳು ಮೈಯಿಂದ ಹೊರಗೆ ಚಾಚಿರಬಾರದು. ಸಾಮಾನು ಪೆಟ್ಟಿಗೆಗೆ ಎಸೆಯುವ ಹುಡುಗರು ಅವನ್ನು ಉಳಿಸುವುದಿಲ್ಲ.

ಹೆಸರು ಹೇಳಿ ಅಂತ ಕೇಳುತ್ತೀರಿ. ಅಮೆರಿಕದ ವರ್ಲ್‌ವಿಂಡ್ ಐಎಂಪಿ 2, ಜರ್ಮನಿಯ ಪಾಮರ್ ಪ್ಯಾನ್ 01 ಹೆಚ್ಚು ದುಬಾರಿಯಲ್ಲದ ಪ್ಯಾಸಿವ್‌ಗಳು, ಗಟ್ಟಿ. ಕೆನಡಾದ ರೇಡಿಯಲ್ ಇನ್ನೂ ಗಟ್ಟಿ, ಬೆಲೆಯೂ ಹಾಗೇ. ಆಕ್ಟಿವ್‌ನಲ್ಲಿ ಬೆಹ್ರಿಂಗರ್ ಡಿಐ100 ಸಣ್ಣ ತಂಡಗಳ ಕೈಗೆಟುಕುವಂಥದ್ದು. ಯಾರೋ ಬಳಸಿದ ಒಳ್ಳೆಯ ಪ್ಯಾಸಿವ್ ಸಿಕ್ಕರೆ ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು, ಮೀಟರ್ ಮಾತ್ರ ಹಾಕಿ ನೋಡಿ. ಜ್ಯಾಕ್, ಸ್ವಿಚ್ ಬಿಟ್ಟರೆ ಅದರಲ್ಲಿ ಸವೆಯುವಂಥದ್ದು ಏನಿಲ್ಲ.

ಇನ್ನೊಂದು, ಇದು ಬಾಕ್ಸ್‌ಗಿಂತ ದೊಡ್ಡ ವಿಷಯ. ಅವತ್ತು ಹಮ್ ಹೋಗದೆ ಇದ್ದಾಗ ಪೆಂಡಾಲ್‌ನ ಎಲೆಕ್ಟ್ರಿಷಿಯನ್ ಪ್ಲಗ್‌ನ ಅರ್ಥ್ ಪಿನ್ ಕಿತ್ತುಬಿಡೋಣ ಅಂತ ಕಟಿಂಗ್ ಪ್ಲೇಯರ್ ತಂದರು. ದಯವಿಟ್ಟು ಯಾರಿಗೂ ಹಾಗೆ ಮಾಡಲು ಬಿಡಬೇಡಿ. ಗ್ರೌಂಡ್ ಲಿಫ್ಟ್ ಕತ್ತರಿಸುವುದು ಸಿಗ್ನಲ್ ವಯರ್‌ನ ಶೀಲ್ಡನ್ನು. ಅರ್ಥ್ ಪಿನ್ ಕಿತ್ತರೆ ಹೋಗುವುದು ಜೀವ ಕಾಯುವ ತಂತಿ. 1972ರಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ ವೇಲ್ಸ್‌ನ ಸ್ವಾನ್ಸಿಯಲ್ಲಿ ಅರ್ಥ್ ಸರಿಯಿಲ್ಲದ ಮೈಕ್ ಮುಟ್ಟಿ ವೇದಿಕೆ ಮೇಲೆಯೇ ಸತ್ತರು. ಆ ರಾತ್ರಿ ನಾವು ಲ್ಯಾಪ್‌ಟಾಪನ್ನು ಬ್ಯಾಟರಿ ಮೇಲೆ ಓಡಿಸಿದೆವು. ಮಿಕ್ಸರ್‌ಗೂ ವೇದಿಕೆಗೂ ಒಂದೇ ಕಡೆಯಿಂದ ಕರೆಂಟ್ ಎಳೆದಿದ್ದರೆ ಹಮ್ ಎಷ್ಟೋ ಕಡಿಮೆ ಇರುತ್ತಿತ್ತು. ಈಗ ಪೆಂಡಾಲ್‌ನವರಿಗೆ ಅದನ್ನು ಮೊದಲೇ ಹೇಳಿಬಿಡುತ್ತೇವೆ.

ಕೊಳ್ಳುವಾಗ ಬಿಲ್ ಮೇಲೆ ‘ಟ್ರಾನ್ಸ್‌ಫಾರ್ಮರ್ ಇರುವ ಪ್ಯಾಸಿವ್ ಡಿಐ’ ಅಂತ ಬರೆಸಿ. ನಮ್ಮ ಬಿಲ್‌ನಲ್ಲಿ ಬರೀ ‘ಆಡಿಯೊ ಬಾಕ್ಸ್ 4’ ಅಂತಿತ್ತು, ಅದನ್ನು ಹಿಡಿದು ಯಾರ ಹತ್ತಿರ ದೂರು ಕೊಡುವುದು? ಬರೆಯಲು ಹಿಂದೆಮುಂದೆ ನೋಡಿದರೆ ಪಕ್ಕದ ಅಂಗಡಿಗೆ ಹೋಗಿ.