ಗೈರೋ ಇದೆ ಅಂತ ನಂಬಿ ಟ್ರೇನರ್‌ನಿಂದ ನೇರವಾಗಿ ಯುದ್ಧವಿಮಾನಕ್ಕೆ ಹಾರಬೇಡಿ

ರಿಮೋಟ್ ವಿಮಾನದ ಟ್ರೇನರ್ (ಹಾರಿಸಲು ಕಲಿಯುವವರ ಮೊದಲ ವಿಮಾನ) ಕೈಗೆ ಪಳಗಿತು, ಮುಂದೆ ಯಾವುದು ಅಂತ ಹುಡುಕುತ್ತಿರುವವರು ದುಡ್ಡು ಕೊಡುವ ಮೊದಲು ದಯವಿಟ್ಟು ಇದನ್ನು ಓದಿ.

ನನ್ನ ಹತ್ತಿರ ಇದ್ದದ್ದು ರೆಕ್ಕೆ ಮೇಲಿರುವ ಮೂರು ಚಾನೆಲ್ ಟ್ರೇನರ್. ಥ್ರಾಟಲ್ (ಮೋಟಾರ್ ವೇಗಕ್ಕೆ), ಎಲಿವೇಟರ್ (ಮೂಗು ಮೇಲೆ-ಕೆಳಗೆ ಮಾಡೋಕೆ), ರಡ್ಡರ್ (ಮೂಗು ಎಡ-ಬಲಕ್ಕೆ ತಿರುಗಿಸೋಕೆ) ಅಷ್ಟೇ. ಇದಾದ ಮೇಲೆ ಯಾವುದು ಸರಿ ಅಂತ ಕೇಳಿದರೆ ಮಾರುವವರು ತೋರಿಸಿದ್ದು ಪಿ-51 ಮಸ್ಟಾಂಗ್ ಯುದ್ಧವಿಮಾನದ ಮಾದರಿ. "ಒಳಗೆ ಗೈರೋ ಇದೆ, ಎಲ್ಲಾ ಅದೇ ನೋಡಿಕೊಳ್ಳುತ್ತೆ" ಅಂದರು. ಗೈರೋ ಅಂದರೆ ವಿಮಾನ ವಾಲಿದರೆ ತಾನೇ ಸರಿಪಡಿಸಲು ನೋಡುವ ಸಾಧನ. ಇಳಿಸುವಾಗ ಎಷ್ಟು ವೇಗ ಬೇಕು ಅನ್ನೋದರ ಬಗ್ಗೆ ಒಂದು ಮಾತೂ ಇಲ್ಲ.

ಮೇಲೆ ಹೋದಾಗ ಚೆನ್ನಾಗಿಯೇ ಹಾರಿತು. ಗಾಳಿ ಬೀಸಿದರೂ ಅಲುಗಾಡಲಿಲ್ಲ. ಜನ ಮೋಸ ಹೋಗೋದು ಇಲ್ಲೇ. ಇಳಿಸಲು ಕೊನೆಯ ತಿರುವಿಗೆ ತಂದು, ಟ್ರೇನರ್‌ಗೆ ಮಾಡುವ ಹಾಗೇ ಥ್ರಾಟಲ್ ಇಳಿಸಿ, ಮೂಗು ಬಗ್ಗಿತು ಅಂತ ಎಲಿವೇಟರ್ ಸ್ವಲ್ಪ ಎಳೆದೆ ಅಷ್ಟೇ, ಎಡ ರೆಕ್ಕೆ ಥಟ್ಟನೆ ಕುಸಿದು, ವಿಮಾನ ಮಗುಚಿಕೊಂಡು ಮೂಗು ನೆಲಕ್ಕೆ ಬಡಿಯಿತು. ಮೋಟಾರ್ ಮೌಂಟ್ ಕಿತ್ತು ಬಂತು, ರೆಕ್ಕೆ ಬುಡದಲ್ಲೇ ಮುರಿಯಿತು, ಲಿಪೋ ಬ್ಯಾಟರಿಯ ಮೂಲೆ ನಜ್ಜುಗುಜ್ಜಾಯಿತು. (ಹೀಗೆ ಜಜ್ಜಿದ ಲಿಪೋವನ್ನು ಮತ್ತೆ ಚಾರ್ಜ್‌ಗೆ ಹಾಕಲೇಬೇಡಿ, ಬೆಂಕಿ ಹತ್ತಬಹುದು.) ಅತ್ತ ಕಡೆ ಯಾರೂ ನಿಂತಿರಲಿಲ್ಲ, ಅದೊಂದೇ ಸಮಾಧಾನ.

ಟ್ರೇನರ್‌ನ ಎರಡೂ ರೆಕ್ಕೆ ತುದಿಗೆ ಹೋಗ್ತಾ ಸ್ವಲ್ಪ ಮೇಲಕ್ಕೆ ಎದ್ದಿರುತ್ತವೆ, ಅದಕ್ಕೇ ಸ್ಟಿಕ್ ಬಿಟ್ಟರೆ ತಾನೇ ನೆಟ್ಟಗಾಗುತ್ತದೆ. ತೂಕಕ್ಕೆ ಹೋಲಿಸಿದರೆ ರೆಕ್ಕೆ ದೊಡ್ಡದು, ನಿಧಾನವಾದರೂ ತೇಲುತ್ತದೆ. ಮಸ್ಟಾಂಗ್ ಥರದ್ದಕ್ಕೆ ರೆಕ್ಕೆ ಕೆಳಗೆ, ತೂಕ ಜಾಸ್ತಿ, ತುದಿ ಕಿರಿದು. ವೇಗ ಇಳಿದರೆ ತುದಿಯೇ ಮೊದಲು ಸ್ಟಾಲ್ ಆಗಬಹುದು, ಅಂದರೆ ಎತ್ತಿ ಹಿಡಿಯುವ ಬಲ (ಲಿಫ್ಟ್) ಕಳೆದುಕೊಳ್ಳಬಹುದು. ಇದರಲ್ಲಿದ್ದಂಥ ಸಾಮಾನ್ಯ ಗೈರೋಗೆ ವಿಮಾನ ಎಷ್ಟು ವೇಗದಲ್ಲಿದೆ ಅನ್ನೋದೇ ಗೊತ್ತಾಗುವುದಿಲ್ಲ. ರೆಕ್ಕೆ ಬಾಗಿತು ಅಂತ ಮಾತ್ರ ಗೊತ್ತಾಗುತ್ತದೆ, ಎತ್ತೋಣ ಅಂತ ಆ ಕಡೆಯ ಏಲೆರಾನನ್ನು (ರೆಕ್ಕೆಯ ಹಿಂದಿನ ಅಂಚಿನಲ್ಲಿ ಅಲುಗಾಡುವ ಪಟ್ಟಿಯನ್ನು) ಕೆಳಗಿಳಿಸುತ್ತದೆ. ಆಗಲೇ ಸ್ಟಾಲ್ ಆಗುತ್ತಿರುವ ರೆಕ್ಕೆಗೆ ಅದರಿಂದ ಗಾಳಿಗೆ ಎದುರಾಗುವ ಕೋನ ಇನ್ನೂ ಹೆಚ್ಚಿ, ಇರೋ ಸ್ವಲ್ಪ ಲಿಫ್ಟೂ ಹೋಗಿಬಿಡುತ್ತದೆ. ಕಾಪಾಡುತ್ತೆ ಅಂತ ಮಾರಿದ ವಸ್ತು, ಬೇಕಾದ ಹೊತ್ತಿಗೆ ಬೀಳಿಸೋಕೆ ಕೈಜೋಡಿಸಿತು ಅಲ್ವಾ? ಇದನ್ನು ಹೇಳದೆ ಮಾರುವುದು ತಪ್ಪು.

ಎರಡನೇ ವಿಮಾನ ಅಂದರೆ ದಪ್ಪ, ನೇರ ರೆಕ್ಕೆಯ ನಾಲ್ಕು ಚಾನೆಲ್‌ನದು ತಗೊಳ್ಳಿ. ಮೂರು ಚಾನೆಲ್‌ನಲ್ಲಿ ಸಾಮಾನ್ಯವಾಗಿ ಬಲಗೈ ಸ್ಟಿಕ್‌ನಲ್ಲೇ ರಡ್ಡರ್ ಇರುತ್ತದೆ. ಇಲ್ಲಿ ಮೋಡ್ 2 (ಥ್ರಾಟಲ್ ಎಡಗೈ ಸ್ಟಿಕ್‌ನಲ್ಲಿರುವ ರಿಮೋಟ್ ಜೋಡಣೆ) ಆದರೆ ಆ ಜಾಗಕ್ಕೆ ಏಲೆರಾನ್ ಬಂದು ರಡ್ಡರ್ ಎಡಗೈಗೆ ಹೋಗುತ್ತದೆ. ಅದು ಬೆರಳಿಗೆ ಕೂರೋಕೇ ಸಮಯ ಬೇಕು. ಕೂತ ಮೇಲೆ ಚೆನ್ನಾಗಿ ಎತ್ತರಕ್ಕೆ ಒಯ್ದು, ಥ್ರಾಟಲ್ ಇಳಿಸಿ, ಎಲಿವೇಟರ್ ಮೆಲ್ಲಗೆ ಎಳೆಯುತ್ತಾ ಹೋಗಿ, ಯಾವ ವೇಗಕ್ಕೆ ಯಾವ ರೆಕ್ಕೆ ಬೀಳುತ್ತದೆ ಅಂತ ನೋಡಿಕೊಳ್ಳಿ. ನೆಲದ ಹತ್ತಿರ ಅದನ್ನು ಕಲಿಯೋಕೆ ಜಾಗ ಇರಲ್ಲ.

ಯಾರಾದರೂ ಗೈರೋ ಹೆಸರು ಹೇಳಿ ಯುದ್ಧವಿಮಾನ ಮಾರಲು ಬಂದರೆ, ಗೈರೋ ಆಫ್ ಮಾಡಿ ಒಂದು ಸುತ್ತು ಹಾರಿಸಿ ಇಳಿಸಿ ತೋರಿಸಿ ಅಂತ ಕೇಳಿ. ಹಿಂದೆಮುಂದೆ ನೋಡಿದರೆ ಡಬ್ಬ ಅಲ್ಲೇ ಬಿಟ್ಟು ಬನ್ನಿ.