‘ವಂಚನೆ’ ಅಂತ ಪತ್ರ ಬಂದರೆ ಹೆದರಬೇಡಿ, ಓದದೆ ಸಹಿ ಹಾಕಬೇಡಿ

ಆರೋಗ್ಯ ವಿಮೆ ಮಾಡಿಸಿದವರು, ಅದರಲ್ಲೂ ಮನೆಯಲ್ಲಿ ವಯಸ್ಸಾದವರು ಇರುವವರು ದಯವಿಟ್ಟು ಪೂರ್ತಿ ಓದಿ. ನಮ್ಮ ಅಪ್ಪನ ಕ್ಲೈಮ್ ತಿರಸ್ಕರಿಸಿದ ವಿಮಾ ಕಂಪನಿ ಪತ್ರದಲ್ಲಿ ‘ವಂಚನೆ’ ಎಂದೇ ಬರೆದಿತ್ತು. ಕುಮಟಾ ಪೇಟೆಯಲ್ಲಿ ಅಂಗಡಿ ನಡೆಸಿ, ಯಾರಿಗೂ ಒಂದು ರೂಪಾಯಿ ಬಾಕಿ ಇಡದ ಮನುಷ್ಯ ಅವರು. ಪತ್ರ ಬಂದ ದಿನ ಊಟ ಮಾಡಲಿಲ್ಲ.

ರಾತ್ರಿ ಎದೆನೋವು ಬಂದಿತ್ತು. ನಮ್ಮ ಜಿಲ್ಲೆಯವರ ಪಾಡು ಗೊತ್ತಲ್ವಾ? ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಅಂತ ಓಡಲೇಬೇಕು. ನಾವೂ ಜಿಲ್ಲೆ ದಾಟಿ ಓಡಿದೆವು. ಅಲ್ಲಿ ಡ್ಯೂಟಿ ಡಾಕ್ಟರ್ ಕೇಳಿದಾಗ ಅಣ್ಣ, ‘ಎಂಟು ತಿಂಗಳಿಂದ ಬಿಪಿ ಮಾತ್ರೆ ತಗೋತಾರೆ’ ಎಂದ. ಕೇಸ್ ಶೀಟಿನಲ್ಲಿ ‘ಎಂಟು ವರ್ಷ’ ಅಂತ ಬಿತ್ತು. ಆ ಗಡಿಬಿಡಿಯಲ್ಲಿ ಅದನ್ನು ಯಾರು ಓದುತ್ತಾರೆ? ಸ್ಟೆಂಟ್ ಹಾಕಿದರು. ಕ್ಯಾಶ್‌ಲೆಸ್ ಆಗಲಿಲ್ಲ. ಸೊಸೈಟಿಯಲ್ಲಿ ಬಂಗಾರ ಅಡವಿಟ್ಟು ಬಿಲ್ ಕಟ್ಟಿದೆವು.

ಆಮೇಲೆ ಕಂಪನಿ ಕಡೆಯಿಂದ ‘ತನಿಖೆ’ಗೆ ಒಬ್ಬರು ಮನೆಗೆ ಬಂದರು. ಆಯಿ, ಅಂದರೆ ನಮ್ಮಮ್ಮ, ಒಬ್ಬಳೇ ಇದ್ದಳು. ಮುರುಗಲು ಪಾನಕ ಕೊಟ್ಟಳು. ‘ಅಮ್ಮಾ, ಯಜಮಾನರಿಗೆ ಮುಂಚೆ ಯಾವತ್ತಾದ್ರೂ ತಲೆಸುತ್ತು ಬಂದಿತ್ತಾ?’ ಅಂತ ಕೇಳಿದರಂತೆ. ಬರೋದೇನು, ಬಿಸಿಲಲ್ಲಿ ಯಾರಿಗೂ ಬರುತ್ತೆ ಎಂದಳು. ‘ಸುಮ್ನೆ ಫಾರ್ಮಾಲಿಟಿ, ಇಲ್ಲೊಂದು ಸಹಿ ಹಾಕಿ.’ ಇಂಗ್ಲಿಷಿನಲ್ಲಿದ್ದ ಆ ಹಾಳೆಯಲ್ಲಿ ಅಪ್ಪನಿಗೆ ವರ್ಷಗಟ್ಟಲೆ ಬಿಪಿ ಇತ್ತು, ಮುಚ್ಚಿಟ್ಟಿದ್ದೆವು ಎಂದಿತ್ತು. ಕನ್ನಡ ಮಾತ್ರ ಓದಬಲ್ಲ ಹೆಂಗಸಿನ ಹತ್ತಿರ ಹೀಗೆ ಸಹಿ ಹಾಕಿಸೋದು ಅನ್ಯಾಯ ಅಲ್ದೆ ಇನ್ನೇನು?

‘ವಂಚನೆ’ ಅಂತಲೇ ಯಾಕೆ ಬರೆದರು ಅಂತ ಆಮೇಲೆ ಅರ್ಥವಾಯಿತು. ಅಪ್ಪನ ಪಾಲಿಸಿಗೆ ಆರು ವರ್ಷ ದಾಟಿತ್ತು, ಒಂದು ವರ್ಷವೂ ತಪ್ಪಿಸಿರಲಿಲ್ಲ. 2024ರ ನಿಯಮದ ಪ್ರಕಾರ ಆರೋಗ್ಯ ಪಾಲಿಸಿ ಸತತ 60 ತಿಂಗಳು ನಡೆದರೆ, ‘ಪಾಲಿಸಿ ಮಾಡಿಸುವಾಗ ಕಾಯಿಲೆ ಹೇಳಿರಲಿಲ್ಲ’ ಎಂಬ ಕಾರಣಕ್ಕೆ ಕ್ಲೈಮ್ ನಿರಾಕರಿಸುವಂತಿಲ್ಲ. ವಂಚನೆ ಸಾಬೀತಾದರೆ ಮಾತ್ರ ಬೇರೆ ಮಾತು. ಅಂದರೆ ಅವರಿಗೆ ಉಳಿದಿದ್ದ ದಾರಿ ಅದೊಂದೇ. ಆದರೆ ಆರೋಪ ಮಾಡಿದರೆ ಸಾಲದು, ಸಾಬೀತು ಮಾಡಬೇಕು.

ನಮ್ಮನ್ನು ಉಳಿಸಿದ್ದು ಹಳೇ ಚೀಟಿ. ಊರ ಡಾಕ್ಟರ್ ಮೊದಲ ಸಲ ಬಿಪಿ ಮಾತ್ರೆ ಬರೆದುಕೊಟ್ಟದ್ದು, ತಾರೀಕಿನ ಸಮೇತ. ಅಪ್ಪ ಅದನ್ನು ಅಂಗಡಿ ಲೆಕ್ಕದ ಪುಸ್ತಕದಲ್ಲಿ ಮಡಚಿಟ್ಟಿದ್ದರು. ಅದನ್ನು ತೋರಿಸಿ ಆಸ್ಪತ್ರೆಯಿಂದ ‘ಕೇಸ್ ಶೀಟಿನಲ್ಲಿ ತಪ್ಪಾಗಿದೆ’ ಎಂದು ಪತ್ರ ತೆಗೆದುಕೊಂಡೆವು. ಕಂಪನಿಯ ದೂರು ವಿಭಾಗ ಅದಕ್ಕೂ ಬಗ್ಗಲಿಲ್ಲ. ವಿಮಾ ಕಂಪನಿಗಳ ಮೇಲಿನ ದೂರು ಕೇಳಿ ತೀರ್ಮಾನ ಕೊಡುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಟ್ಟೆವು. ಶುಲ್ಕ ಇಲ್ಲ, ವಕೀಲರು ಬೇಡ. ವಿಚಾರಣೆ ವಿಡಿಯೋದಲ್ಲೇ ಆಯಿತು. ಆಯಿ ತಾನೇ ಮಾತಾಡಿದಳು, ಯಾರೂ ಆ ಹಾಳೆ ಓದಿ ಹೇಳಲಿಲ್ಲ ಎಂದಳು. ಆದೇಶ ನಮ್ಮ ಪರ ಬಂತು, ಹಣವೂ ಬಂತು.

ಆಸ್ಪತ್ರೆಗೆ ಸೇರಿಸಿದ ಮೇಲೆ ಒಂದಿಷ್ಟು ಉಸಿರಾಡಲು ಸಮಯ ಸಿಕ್ಕ ಕೂಡಲೇ ಕೇಸ್ ಶೀಟಿನಲ್ಲಿ ಏನು ಬರೆದಿದ್ದಾರೆ ಅಂತ ಕೇಳಿ. ತನಿಖೆಯವರು ಬಂದರೆ ಗುರುತಿನ ಚೀಟಿ ನೋಡಿ, ಹೇಳಿಕೆಯನ್ನು ಕನ್ನಡದಲ್ಲೇ ನೀವೇ ಬರೆದುಕೊಡಿ, ಫೋಟೋ ತೆಗೆದಿಟ್ಟುಕೊಳ್ಳಿ. ಕ್ಲೈಮ್ ತಿರಸ್ಕರಿಸಿದರೆ ಪಾಲಿಸಿಯ ಯಾವ ಷರತ್ತಿನ ಪ್ರಕಾರ ಅಂತ ಬರೆದು ಕೊಡಲೇಬೇಕು. ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಇಲ್ಲದಿದ್ದರೆ ಒಂಬುಡ್ಸ್‌ಮನ್ ಹತ್ತಿರ ಹೋಗಿ. ಅದಕ್ಕೆ ಒಂದು ವರ್ಷದ ಗಡುವಿದೆ. ಎಷ್ಟೋ ಮನೆಗಳಲ್ಲಿ ಅಂಥ ಪತ್ರ ನಾಚಿಕೆಯಿಂದ ಕಪಾಟಿನೊಳಗೇ ಉಳಿದಿರುತ್ತದೆ. ನಿಮ್ಮ ಮನೆಯಲ್ಲಿದ್ದರೆ ಇವತ್ತೇ ತೆಗೆದು ತಾರೀಕು ನೋಡಿ.